ತಗ್ಗಿದ್ದು ಹಿಂದೆ, ತಪ್ಪಿದ್ದು ಮುಂದೆ

ಗಾಡಿಯ ಒಂದು ಮೂಲೆ ತಗ್ಗಾಗಿ ಕಂಡರೆ ಎಲ್ಲರ ಬಾಯಲ್ಲೂ ಮೊದಲು ಬರೋ ಮಾತು ಒಂದೇ: "ಆ ಕಡೆ ಸ್ಪ್ರಿಂಗ್ ಹೋಗಿದೆ." ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜ್ ಕೆಲಸ ಶುರು ಮಾಡಿ ಹದಿನೇಳು ವರ್ಷ ಆಯ್ತು. ಈ ಮಾತನ್ನ ಮಲಯಾಳದಲ್ಲಿ, ಉರ್ದುವಿನಲ್ಲಿ, ಅರಬ್ಬಿಯಲ್ಲಿ, ನಮ್ಮ ಕನ್ನಡದಲ್ಲೂ ಕೇಳಿದ್ದೀನಿ. ಎಷ್ಟೋ ಸಲ ಅದು ನಿಜವೇ ಇರುತ್ತೆ. ನಿಜ ಅಲ್ಲದೇ ಇದ್ದ ಒಂದು ಗಾಡಿಯ ವಿಷಯ ಈ ತಿಂಗಳು ಬರೀತಾ ಇದ್ದೀನಿ. ಅದು ನಮ್ಮಂಥವರು ಕೊಳ್ಳೋ ಗಾಡಿ ಅಲ್ಲ. ಆದ್ರೆ ಅದರಲ್ಲಿ ಕಂಡದ್ದು ನಿಮ್ಮ ಹಳೆ ಕೊರೊಲ್ಲಾಗೂ, ಸೈಟಿಗೆ ಕರ್ಕೊಂಡು ಹೋಗೋ ವ್ಯಾನಿಗೂ ಅನ್ವಯಿಸುತ್ತೆ.

ಗಾಡಿ 1986ರ ಪೋರ್ಷೆ 911 ಕರೇರಾ, 3.2 ಲೀಟರ್ ಎಂಜಿನ್ನು. ಯಜಮಾನರು ಈ ದೇಶದವರೇ, ಅರವತ್ತು ದಾಟಿದ ಮನುಷ್ಯ. ಚಳಿಗಾಲದಲ್ಲಿ ಮಗನ ಜೊತೆ ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಬೆಟ್ಟಕ್ಕೆ ಹೋಗಿ ಬರೋದು ಅವರ ಹವ್ಯಾಸ. ಗಾಡಿಯ ಎಡ ಹಿಂಭಾಗ ಕಣ್ಣಿಗೆ ಕಾಣುವಷ್ಟು ತಗ್ಗಿತ್ತು. ಒಂದು ಗ್ಯಾರೇಜಿನವರು ಹಿಂದಿನ ಎರಡೂ ಶಾಕ್ ಬದಲಿಸಿದ್ರು; ತಗ್ಗು ಹಾಗೇ ಉಳಿದಿತ್ತು. ಮತ್ತೊಬ್ಬ ವ್ಯಾಪಾರಿ "ಇದು ಬಿದ್ದ ಗಾಡಿ, ಚಾಸಿ ಬಾಗಿದೆ" ಅಂತ ಹೇಳಿ ಅರ್ಧ ಬೆಲೆಗೆ ಕೇಳಿದ್ದ. ಮಾರಿಬಿಡೋಣ ಅನ್ನೋ ಮನಸ್ಸಿನಲ್ಲೇ ಅವರು ನಮ್ಮಲ್ಲಿಗೆ ಬಂದಿದ್ದು.

ಗಾಡಿ ಬಿಟ್ಟು ಹೋಗುವಾಗ ಇನ್ನೊಂದು ಮಾತು ಹೇಳಿದ್ರು. ಬೆಟ್ಟ ಇಳಿಯುವಾಗ ಜೋರಾಗಿ ಬ್ರೇಕ್ ಒತ್ತಿದ್ರೆ ಮುಂದಿನ ಎಡ ಚಕ್ರ ಹಿಡ್ಕೊಂಡು ಜಾರುತ್ತೆ, ಟೈರಿನಿಂದ ಹೊಗೆ ಬರುತ್ತೆ ಅಂತ. ಆ ಕಾಲದ ಈ ಗಾಡಿಗೆ ಎಬಿಎಸ್ ಇಲ್ಲ. ಬ್ರೇಕಿನ ತೊಂದರೆ ಬೇರೆ, ಎತ್ತರದ ತೊಂದರೆ ಬೇರೆ ಅಂತ ಅವರು ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿದ್ರು. ನಾನು ಜಾಬ್ ಕಾರ್ಡಿನಲ್ಲಿ ಎರಡನ್ನೂ ಒಂದರ ಕೆಳಗೆ ಒಂದು ಬರೆದುಕೊಂಡೆ.

ನಮ್ಮ ಮುದೀರ್ ಗಾಡಿಯ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟರು. "ಹಿಂದೆ ಅಡ್ಜಸ್ಟ್‌ಮೆಂಟ್ ಇದೆಯಲ್ಲ, ಎಡಗಡೆ ಎತ್ತು. ಎರಡು ಗಂಟೆ ಕೆಲಸ. ಗುರುವಾರ ಗಾಡಿ ಹೊರಗೆ ಹೋಗಬೇಕು." ಅವತ್ತು ಮಂಗಳವಾರ.

ಅವರು ಹೇಳಿದ ಅಡ್ಜಸ್ಟ್‌ಮೆಂಟ್ ಇರೋದು ನಿಜ. ಅದಕ್ಕೆ ಮೊದಲು ಈ ಗಾಡಿಯ ಸ್ಪ್ರಿಂಗ್ ಹೇಗಿದೆ ಅಂತ ಹೇಳಿಬಿಡ್ತೀನಿ. ಇದರಲ್ಲಿ ನಮಗೆ ಗೊತ್ತಿರೋ ಸುರುಳಿ ಸ್ಪ್ರಿಂಗ್ ಇಲ್ಲ, ಲಾರಿಯ ಕಮಾನು ಪಟ್ಟಿಯೂ ಇಲ್ಲ. ಇರೋದು ಉಕ್ಕಿನ ಒಂದು ಗುಂಡು ಸರಳು. ಒಂದು ತುದಿ ಬಾಡಿಗೆ ಕಚ್ಚಿಕೊಂಡಿರುತ್ತೆ, ಇನ್ನೊಂದು ತುದಿಗೆ ಚಕ್ರದ ತೋಳು. ಚಕ್ರ ಮೇಲೆ ಹೋದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಆ ಸರಳು ತಿರುಚಿಕೊಳ್ಳುತ್ತೆ. ಬಿಟ್ಟ ತಕ್ಷಣ ವಾಪಸ್ ಬರುತ್ತೆ. ಇದಕ್ಕೆ ಟಾರ್ಷನ್ ಬಾರ್ ಅನ್ನೋದು. ಫರ್ಡಿನಾಂಡ್ ಪೋರ್ಷೆ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ. ಮುಂದೆ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಅದೇ ಬಂತು. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲ ಸಲ ಕಾಣಿಸಿಕೊಂಡ 911ಕ್ಕೂ ಮುಂದೆ ಹಿಂದೆ ಎರಡೂ ಕಡೆ ಅದೇ. 1989ರಲ್ಲಿ ಬಂದ 964 ಮಾದರಿಯಲ್ಲಿ ಮಾತ್ರ ಸುರುಳಿ ಸ್ಪ್ರಿಂಗಿಗೆ ಬದಲಾಯಿಸಿದ್ರು. ನಮ್ಮನ್ನ ಕೆಲಸಕ್ಕೆ ಹೊತ್ತೊಯ್ಯೋ ಚಪ್ಪಟೆ ಮೂತಿಯ ಹಯಾಸ್ ವ್ಯಾನಿನ ಕೆಳಗೆ ಬಗ್ಗಿ ನೋಡಿ, ಮುಂದಿನ ಚಕ್ರಗಳಿಗೆ ಇದೇ ತರಹದ ಸರಳು ಇರುತ್ತೆ.

911ರಲ್ಲಿ ಹಿಂದೆ ಎಂಜಿನ್ ಇರೋದ್ರಿಂದ ಒಟ್ಟು ಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಹಿಂದಿನ ಚಕ್ರಗಳ ಮೇಲೇ ಕೂತಿರುತ್ತೆ. ಹಿಂದಿನ ತೋಳಿನಲ್ಲಿ ಎತ್ತರ ಸ್ವಲ್ಪ ಹೊಂದಿಸೋಕೆ ಒಂದು ಎಕ್ಸೆಂಟ್ರಿಕ್ ಬೋಲ್ಟ್ ಇದೆ. ಮುಂದಿನ ಬಾರ್‌ಗಳಿಗೆ ಒಂದೊಂದು ಸ್ಕ್ರೂ ಇದೆ. ತಿರುಗಿಸಿದ್ರೆ ಆ ಮೂಲೆ ಎದ್ದೇಳುತ್ತೆ, ಬಿಚ್ಚಿದ್ರೆ ಕೂರುತ್ತೆ. ತಿರುಗಿಸೋದು ಸುಲಭ. ಯಾವುದನ್ನ ತಿರುಗಿಸಬೇಕು ಅಂತ ಗೊತ್ತಾಗೋದೇ ಕಷ್ಟ.

ದಾವಣಗೆರೆಯಲ್ಲಿ ನಾನು ಲಾರಿ ಕೆಲಸ ಕಲಿಯುವಾಗ ನಮ್ಮ ಮೇಸ್ತ್ರಿ ಹಗ್ಗದ ಮಂಚ ತೋರಿಸಿ ಹೇಳ್ತಿದ್ರು. ಮಂಚದ ಒಂದು ಕಾಲು ಗಿಡ್ಡ ಇದ್ದರೆ ಎದುರು ಮೂಲೆಯ ಕಾಲೂ ಸುಮ್ಮನಿರಲ್ಲ, ಇವೆರಡರ ನಡುವೆಯೇ ಮಂಚ ಕುಣಿಯುತ್ತೆ. ಭಾರ ಹೊತ್ತು ನಿಲ್ಲೋದು ಉಳಿದ ಎರಡು ಕಾಲು. ಗಾಡಿಯೂ ನಾಲ್ಕು ಕಾಲಿನ ಮಂಚವೇ. ಸ್ಪ್ರಿಂಗ್ ಇರೋದ್ರಿಂದ ಕುಣಿಯೋದು ಕಾಣಲ್ಲ, ವಾಲೋದು ಮಾತ್ರ ಕಾಣುತ್ತೆ.

ಆದ್ದರಿಂದ ಮೊದಲು ಅಳತೆ. ಹಿಂದಿನ ಎಡ ಟೈರಿನಲ್ಲಿ ಗಾಳಿ 5 ಪಿಎಸ್‌ಐ ಕಮ್ಮಿ ಇತ್ತು. ಎಡ ಬಲ ಸಮ ಮಾಡಿದೆವು. ಎರಡೂ ಟೈರಿನ ಸೈಜು ಒಂದೇನಾ ಅಂತ ಓದಿ ನೋಡಿದೆವು. ಪೆಟ್ರೋಲ್ ಟ್ಯಾಂಕ್ ತುಂಬಿಸಿದೆವು, ಗಾಡಿಯಲ್ಲಿದ್ದ ಸಾಮಾನೆಲ್ಲ ಹೊರಗೆ ತೆಗೆದೆವು. ಜಾಕಿನಿಂದ ಇಳಿಸಿದ ಗಾಡಿಯನ್ನ ಹಾಗೇ ಅಳೆಯಬಾರದು. ಚಕ್ರಗಳು ಒಳಕ್ಕೆ ಎಳೆದುಕೊಂಡು ನಿಂತಿರ್ತವೆ, ಗಾಡಿ ಸುಳ್ಳು ಎತ್ತರ ತೋರಿಸುತ್ತೆ. ಹಿಂದೆ ಮುಂದೆ ನಾಲ್ಕಾರು ಮೀಟರ್ ತಳ್ಳಿ, ಎರಡೂ ಬದಿ ಒತ್ತಿ ಕುಣಿಸಿ, ತಾನಾಗಿ ಕೂರೋಕೆ ಬಿಡಬೇಕು. ಹಾಗೆ ಮಾಡಿ ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದಾಗ, ಹಿಂದೆ ಎಡಗಡೆ ಬಲಕ್ಕಿಂತ 26 ಮಿಲಿಮೀಟರ್ ತಗ್ಗು, ಮುಂದೆ ಎಡಗಡೆ 10 ಮಿಲಿಮೀಟರ್ ತಗ್ಗು ಬಂತು.

ಇಲ್ಲಿ ನಿಂತು ಯೋಚಿಸಬೇಕು. ಗಾಡಿಯ ಬಾಡಿ ಗಟ್ಟಿ ಪೆಟ್ಟಿಗೆ. ಅದು ಎಡಕ್ಕೆ ವಾಲಿದ್ರೆ ಮುಂದೆಯೂ ಹಿಂದೆಯೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ವಾಲಬೇಕು. ಹಿಂದೆ 26, ಮುಂದೆ 10 ಬಂತು ಅಂದ್ರೆ ಎರಡರಲ್ಲಿ ಒಂದು. ಬಾಡಿ ತಿರುಚಿದೆ, ಇಲ್ಲಾ ಮಡ್‌ಗಾರ್ಡ್ ಯಾವಾಗಲೋ ಬದಲಾಗಿದೆ. ಆಗ ವ್ಯಾಪಾರಿ ಹೇಳಿದ್ದೇ ನಿಜ. ಇಲ್ಲಾಂದ್ರೆ ಗಾಡಿ ನಿಂತಿರೋ ನೆಲ ಸರಿ ಇಲ್ಲ.

ನಮ್ಮ ಗ್ಯಾರೇಜಿನ ನೆಲದಲ್ಲಿ ನೀರು ಹರಿದುಹೋಗೋಕೆ ಒಂದು ಮೂಲೆಯಲ್ಲಿ ಜಾಲರಿ ಇದೆ. ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕೆಲಸ ಮಾಡೋ ಕೊಪ್ಪಳ ಕಡೆಯ ಮೇಸ್ತ್ರಿಯೊಬ್ಬರು ಸಂಜೆ ಚಹಾಕ್ಕೆ ನಮ್ಮಲ್ಲಿಗೇ ಬರ್ತಾರೆ. ಅವರ ನೀರಿನ ಟ್ಯೂಬ್ ಕೇಳಿದೆ. ಉದ್ದದ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡೋದು, ನಮ್ಮೂರಲ್ಲಿ ಮನೆ ಕಟ್ಟುವಾಗ ಎಲ್ಲರೂ ನೋಡಿದ್ದೇ. ಅವರು ಟ್ಯೂಬ್ ಕೊಟ್ಟು ಸುಮ್ಮನಾಗಲಿಲ್ಲ, ತಾವೇ ಬಂದು ಹಿಡಿದ್ರು. "ನೆಲಾನ ಸರಿ ಇಲ್ಲಂದ್ರ ಮ್ಯಾಲೆ ನಿಂತಿದ್ದು ಹೆಂಗ ಸರಿ ಇರತೈತ್ರೀ?" ಅಂದ್ರು. ನಾಲ್ಕು ಚಕ್ರ ನಿಲ್ಲೋ ಜಾಗದಲ್ಲಿ ಮೂರು ಒಂದೇ ಮಟ್ಟ. ಜಾಲರಿ ಪಕ್ಕದ ಬಲ ಹಿಂದಿನ ಜಾಗ ಮಾತ್ರ 16 ಮಿಲಿಮೀಟರ್ ತಗ್ಗು. ಅಲ್ಲಿ 8 ಮಿಲಿಮೀಟರಿನ ಎರಡು ಪ್ಲೈವುಡ್ ತುಂಡು ಇಟ್ಟು, ಗಾಡಿ ಮತ್ತೆ ತಳ್ಳಿ ನಿಲ್ಲಿಸಿ ಅಳೆದೆವು. ಹಿಂದೆ 18, ಮುಂದೆಯೂ 18.

ಆ ಎರಡು ಅಂಕಿ ಸಮ ಬಂದಾಗ ನನಗೆ ಅರ್ಧ ಸಮಾಧಾನ ಆಯ್ತು. ಬಾಡಿ ನೇರವಾಗಿದೆ. ಒಂದು ನೀರಿನ ಪೈಪು, ಎರಡು ತುಂಡು ಪ್ಲೈವುಡ್ಡು, ಇಷ್ಟರಲ್ಲೇ ಚಾಸಿ ಬಾಗಿದೆ ಅನ್ನೋ ಮಾತು ಬಿದ್ದುಹೋಯ್ತು. ಮಡ್‌ಗಾರ್ಡ್ ಅಂಚಿನ ಮೇಲೇ ಪೂರ್ತಿ ನಂಬಿಕೆ ಇಡೋದು ಬೇಡ ಅಂತ, ಕಂಪನಿಯ ಮ್ಯಾನುಯಲ್‌ನಲ್ಲಿ ಹೇಳಿರೋ ಹಾಗೆ ಟಾರ್ಷನ್ ಬಾರಿನ ನಡುಬಿಂದುವಿಗೂ ಚಕ್ರದ ನಡುಬಿಂದುವಿಗೂ ಇರೋ ಎತ್ತರದ ವ್ಯತ್ಯಾಸವನ್ನೂ ಅಳೆದೆವು. ಅದೂ ಅದೇ ಕಥೆ ಹೇಳಿತು.

ಹಾಗಾದ್ರೆ ಗಾಡಿ ನಿಜವಾಗಿಯೂ ಎಡಕ್ಕೆ ವಾಲಿದೆ. ವಾಲಿಸ್ತಾ ಇರೋದು ಯಾರು, ಮುಂದಿನವರೋ ಹಿಂದಿನವರೋ? ಬಾಡಿ ಗಟ್ಟಿ ಇರೋದ್ರಿಂದ ನಿಂತ ಗಾಡಿಯನ್ನ ಎಷ್ಟು ದಿಟ್ಟಿಸಿದ್ರೂ ಇದಕ್ಕೆ ಉತ್ತರ ಸಿಗಲ್ಲ. ಜಗಳ ಬಿಡಿಸೋಕೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸ್ತೀವಲ್ಲ, ಹಾಗೇ ಮಾಡಬೇಕು.

ಮೊದಲು ಮುಂದಿನ ಹಿಂದಿನ ಎರಡೂ ಆ್ಯಂಟಿ ರೋಲ್ ಬಾರಿನ ಲಿಂಕ್ ಬಿಚ್ಚಿದೆವು. ಎಡ ಬಲ ಚಕ್ರಗಳನ್ನ ಜೋಡಿಸೋ ಸರಳು ಅದು; ಅದರ ಲಿಂಕು ಒಂದು ಉದ್ದ ಒಂದು ಗಿಡ್ಡ ಇದ್ದರೆ ಅದೊಂದೇ ಸಾಕು ಗಾಡಿ ವಾಲೋಕೆ. ಬಿಚ್ಚಿದ ಮೇಲೂ 18 ಹಾಗೇ ಇತ್ತು, ಅಂದ್ರೆ ಅದರ ತಪ್ಪಿಲ್ಲ. ಆಮೇಲೆ ಮುಂಭಾಗದ ಅಡ್ಡ ಬೀಮಿನ ನಟ್ಟ ನಡುವೆ ಜಾಕ್ ಕೊಟ್ಟು, ಮುಂದಿನ ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಿದೆವು. ಈಗ ಮುಂಭಾಗ ಒಂದೇ ಬಿಂದುವಿನ ಮೇಲೆ ತಕ್ಕಡಿ ಹಾಗೆ ನಿಂತಿದೆ, ಎಡಕ್ಕೂ ಎಳೆಯಲ್ಲ, ಬಲಕ್ಕೂ ಎಳೆಯಲ್ಲ. ಹಿಂದಿನ ಸ್ಪ್ರಿಂಗ್‌ಗಳು ಏನು ಹೇಳ್ತವೋ ಗಾಡಿ ಅಷ್ಟೇ ವಾಲುತ್ತೆ. ಹಿಂದಿನ ಟೈರುಗಳ ಕೆಳಗೆ ಗ್ರೀಸ್ ಸವರಿದ ಎರಡೆರಡು ಪ್ಲಾಸ್ಟಿಕ್ ಹಾಳೆ ಇಟ್ಟಿದ್ವಿ, ಚಕ್ರ ಸರಾಗವಾಗಿ ಜಾರಿ ಕೂರಲಿ ಅಂತ. ಒಂದೇ ಬಿಂದುವಿನ ಮೇಲೆ ನಿಲ್ಲಿಸಿದ ಗಾಡಿ ಯಾವಾಗ ಬೇಕಾದ್ರೂ ಹೊರಳಬಹುದು. ಎರಡೂ ಬದಿಯಲ್ಲಿ ಮುಟ್ಟದ ಹಾಗೆ, ಬೆರಳು ಸಂದಿನಷ್ಟು ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಅಳೆಯೋರು ಕೆಳಗೆ ನುಸುಳಬಾರದು.

ಹಿಂಭಾಗ ಒಂದನ್ನೇ ಕೇಳಿದಾಗ ಎಡ 6 ಮಿಲಿಮೀಟರ್ ತಗ್ಗು, ಅಷ್ಟೇ.

ಆಮೇಲೆ ಮುಂಭಾಗ ಇಳಿಸಿ, ಹಿಂದೆ ಎಂಜಿನ್ ಕೆಳಗೆ ದಪ್ಪ ಮರದ ತುಂಡು ಇಟ್ಟು ನಡುಮಧ್ಯೆ ಎತ್ತಿದೆವು. ಮುಂಭಾಗ ಒಂದನ್ನೇ ಕೇಳಿದಾಗ ಎಡ 35 ಮಿಲಿಮೀಟರ್ ತಗ್ಗು.

ನನ್ನ ಜೊತೆ ಇದ್ದ ಹೆಲ್ಪರ್ ರಾಣೆಬೆನ್ನೂರಿನ ಹುಡುಗ, ಬಂದು ಎರಡು ತಿಂಗಳು. ಅವನು ಟೇಪು ಹಿಡಿದುಕೊಂಡೇ ಕೇಳಿದ, "ಅಣ್ಣಾರ, ಹಂಗಾರ ಹಿಂದಿನ ಶಾಕ್ ಯಾಕ ಬದಲಿ ಮಾಡಿದ್ರು ಇವರು?" ಕೇಳಬೇಕಾದ ಪ್ರಶ್ನೆಯೇ. ಶಾಕ್ ಅಬ್ಸಾರ್ಬರ್ ಭಾರ ಹೊರೋದಿಲ್ಲ, ಕುಣಿತ ನಿಲ್ಲಿಸುತ್ತೆ. ಗ್ಯಾಸ್ ತುಂಬಿದ ಶಾಕ್ ಸ್ವಲ್ಪ ಎತ್ತಬಹುದು, ಆದ್ರೆ ಎರಡೂ ಕಡೆ ಹೊಸದು ಹಾಕಿದ್ರೆ ಎರಡೂ ಕಡೆ ಒಂದೇ ತರ ಎತ್ತುತ್ತೆ. ವಾಲಿದ ಗಾಡಿ ವಾಲಿಕೊಂಡೇ ಇರುತ್ತೆ.

ಯಜಮಾನರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಮುಂದಿನ ಎಡಗಡೆ ಯಾವತ್ತಾದ್ರೂ ಕೆಲಸ ಆಗಿತ್ತಾ? ಎಂಟು ತಿಂಗಳ ಹಿಂದೆ ಫುಟ್‌ಪಾತ್ ಕಲ್ಲಿಗೆ ತಾಗಿ ಆ ಕಡೆಯ ಕೆಳಗಿನ ತೋಳು ಬದಲಿಸಿದ್ರಂತೆ. ಆ ತೋಳು ಬಿಚ್ಚಬೇಕಾದ್ರೆ ಟಾರ್ಷನ್ ಬಾರಿನ ಸ್ಕ್ರೂ ಪೂರ್ತಿ ಸಡಿಲ ಮಾಡಬೇಕು. ಮತ್ತೆ ಜೋಡಿಸುವಾಗ ಎತ್ತರ ಅಳೆದು ಬಿಗಿ ಮಾಡಬೇಕು. ಅಳೆಯದೆ ಅಂದಾಜಿನಲ್ಲಿ ಬಿಗಿ ಮಾಡಿದ್ದಾರೆ. ಸ್ಕ್ರೂ ನೋಡಿದ್ರೆ ಬಲಗಡೆಗಿಂತ ಎಡಗಡೆ ಎಷ್ಟೋ ಎಳೆ ಹೊರಗೇ ಇತ್ತು.

ಹಿಂಭಾಗ ಯಾಕೆ ತಗ್ಗಿತು ಅನ್ನೋದಕ್ಕೆ ಇದೇ ಉತ್ತರ. ಮುಂದಿನ ಎಡಗಾಲು ಗಿಡ್ಡ ಆಯ್ತು, ಇಡೀ ಬಾಡಿ ಎಡಕ್ಕೆ ವಾಲಿತು. ಹಿಂದಿನ ಬಾರ್‌ಗಳು ಗಟ್ಟಿ ಇರೋದ್ರಿಂದ ಅವು ತಡೆದು ತಡೆದು 35 ಇದ್ದದ್ದನ್ನ 18ಕ್ಕೆ ತಂದು ನಿಲ್ಲಿಸಿದ್ವು. 911ರ ಹಿಂಭಾಗ ಅಗಲ, ಚಕ್ರದ ಮೇಲಿನ ಸಂದು ಕಮ್ಮಿ; ಹಾಗಾಗಿ ಕಣ್ಣಿಗೆ ಕಾಣೋದು ಅಲ್ಲೇ. ಬ್ರೇಕಿನ ದೂರಿಗೂ ಇಲ್ಲೇ ಉತ್ತರ ಇದೆ. ಗಿಡ್ಡ ಕಾಲಿನ ಮೇಲೆ ಭಾರ ಕಮ್ಮಿ. ಭಾರ ಕಮ್ಮಿ ಇರೋ ಚಕ್ರ ಬ್ರೇಕ್ ಒತ್ತಿದಾಗ ಎಲ್ಲಕ್ಕಿಂತ ಮೊದಲು ಹಿಡ್ಕೊಳ್ಳುತ್ತೆ.

ಬರೀ ಬಾಯಿಮಾತಲ್ಲಿ ಹೇಳಿದ್ರೆ ಮುದೀರ್ ಒಪ್ಪಲ್ಲ ಅಂತ ಗೊತ್ತಿತ್ತು. ರೇಸ್ ಗಾಡಿ ಕೆಲಸ ಮಾಡೋ ಪರಿಚಯದ ಒಂದು ಗ್ಯಾರೇಜಿನಿಂದ ನಾಲ್ಕು ಚಕ್ರಕ್ಕೆ ನಾಲ್ಕು ತೂಕದ ಪ್ಲೇಟು ಒಂದು ದಿನದ ಮಟ್ಟಿಗೆ ತಂದೆ. ಅವುಗಳ ಮಟ್ಟವನ್ನೂ ನೀರಿನ ಟ್ಯೂಬಲ್ಲೇ ಸರಿಮಾಡಿ ಗಾಡಿ ಹತ್ತಿಸಿದೆವು. ಮುಂದೆ ಎಡ 228 ಕಿಲೋ, ಬಲ 256. ಹಿಂದೆ ಎಡ 379, ಬಲ 347. ಒಟ್ಟು 1,210. ಎಡಬದಿ ಎಲ್ಲ ಕೂಡಿಸಿದ್ರೆ 607, ಬಲಬದಿ 603. ಅಂದ್ರೆ ಗಾಡಿಯ ಭಾರ ಎಡ ಬಲಕ್ಕೆ ಸರಿಯಾಗೇ ಹಂಚಿದೆ. ಆದ್ರೆ ಮೂಲೆಯಿಂದ ಮೂಲೆಗೆ ನೋಡಿ. ಬಲ ಮುಂದಿನದು ಎಡ ಹಿಂದಿನದು ಸೇರಿ 635, ಇನ್ನೊಂದು ಓರೆ 575. ಸಮ ಇದ್ದಿದ್ರೆ ಎರಡೂ 605 ಆಸುಪಾಸು ಇರಬೇಕಿತ್ತು.

ಈ ಅಂಕಿಗಳನ್ನ ಒಂದು ಹಾಳೆಯಲ್ಲಿ ಬರೆದು ಮುದೀರ್ ಹತ್ತಿರ ಹೋದೆ. "ನೀವು ಹೇಳಿದ ಹಾಗೆ ಹಿಂದಿನ ಎಡಗಡೆ ಎತ್ತಿದ್ರೆ ಗಾಡಿ ಕಣ್ಣಿಗೆ ಸಮ ಕಾಣುತ್ತೆ" ಅಂದೆ. "ಆದ್ರೆ ಎಡ ಹಿಂದೆ ಎತ್ತಿದಷ್ಟೂ ಭಾರ ಹೋಗೋದು ಆ ಮೂಲೆಗೆ, ಮತ್ತೆ ಅದರ ಎದುರಿನ ಬಲ ಮುಂದಿನ ಮೂಲೆಗೆ. ಮುಂದಿನ ಎಡ ಚಕ್ರ ಇನ್ನೂ ಹಗುರ ಆಗುತ್ತೆ. ಈಗ ಮುಂದೆ ಎಡ ಬಲದ ನಡುವೆ 28 ಕಿಲೋ ವ್ಯತ್ಯಾಸ ಇದೆ. ಸಮ ಕಾಣೋ ಹೊತ್ತಿಗೆ ಅದು ಸುಮಾರು ಎರಡರಷ್ಟಾಗುತ್ತೆ. ಬೆಟ್ಟ ಇಳಿಯುವಾಗ ಅಪ್ಪ ಮಗ ಇಬ್ಬರೂ ಗಾಡಿಯಲ್ಲಿರ್ತಾರೆ."

ಅವರು ಹಾಳೆ ನೋಡಿದ್ರು, ನನ್ನ ಮುಖ ನೋಡಿದ್ರು. "ಗುರುವಾರ?" ಅಂದ್ರು. "ಆಗಲ್ಲ, ಭಾನುವಾರ" ಅಂದೆ. ನಮ್ಮಂಥವರಿಗೆ ಮುದೀರ್ ಎದುರು 'ಆಗಲ್ಲ' ಅನ್ನೋದು ಸಣ್ಣ ಮಾತಲ್ಲ ಅಂತ ಓದೋ ನಿಮಗೆ ಬಿಡಿಸಿ ಹೇಳಬೇಕಿಲ್ಲ. ವೀಸಾ ಅವರ ಕೈಲಿ, ಓವರ್‌ಟೈಮ್ ಅವರ ಕೈಲಿ. ಆದ್ರೆ 'ನನಗೆ ಅನ್ನಿಸುತ್ತೆ' ಅಂತ ಹೋಗೋದಕ್ಕೂ, ಅಳೆದ ಅಂಕಿ ಹಿಡ್ಕೊಂಡು ಹೋಗೋದಕ್ಕೂ ಬಹಳ ಅಂತರ ಇದೆ. ಅವರು ನನ್ನೆದುರಲ್ಲೇ ಯಜಮಾನರಿಗೆ ಫೋನ್ ಹಚ್ಚಿದ್ರು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, "ಚಾಸಿ?" ಮುದೀರ್ ನನ್ನ ಕಡೆ ತಿರುಗಿದ್ರು. ನೇರ ಇದೆ ಅಂದೆ. ಭಾನುವಾರ ಒಪ್ಪಿಗೆ ಆಯ್ತು.

ಮುಂದಿನ ಕೆಲಸ ಸುಲಭದ್ದು. ಭಾರ ಜಾಕಿನ ಮೇಲೆ ತೆಗೆದುಕೊಂಡು, ಸ್ಕ್ರೂ ಎಳೆ ಚೊಕ್ಕ ಮಾಡಿ ಗ್ರೀಸ್ ಹಚ್ಚಿ, ಎಡಗಡೆ ಬಿಗಿ ಮಾಡ್ತಾ, ಬಲಗಡೆ ಸ್ವಲ್ಪ ಸಡಿಲ ಮಾಡ್ತಾ, ಪ್ರತಿ ಸಲ ಇಳಿಸಿ ತಳ್ಳಿ ಅಳೆದು ಮ್ಯಾನುಯಲ್‌ನ ಎತ್ತರಕ್ಕೆ ತಂದೆವು.

ಹಿಂದಿನ 6 ಮಿಲಿಮೀಟರ್ ಇನ್ನೂ ಉಳಿದಿತ್ತು. ಅದನ್ನ ಎಕ್ಸೆಂಟ್ರಿಕ್ಕಿನಲ್ಲೇ ಸರಿಮಾಡಬಹುದಿತ್ತು. ಆದ್ರೆ ಎಡಗಡೆಯ ಮುಚ್ಚಳದ ತೂತಿನಲ್ಲಿ ತೋಳಿನ ಗುಂಭ ನಡುವೆ ಇರಲಿಲ್ಲ. ಮೇಲೆ ಒಂದಷ್ಟು ಸಂದು, ಕೆಳಗೆ ಇನ್ನೊಂದಷ್ಟು. ಒಳಗಿನ ರಬ್ಬರ್ ಬುಷ್ ಜಜ್ಜಿಹೋದಾಗ ಹಾಗಾಗುತ್ತೆ. ನಾಲ್ಕು ದಶಕದ ರಬ್ಬರು, ಇಲ್ಲಿಯ ಬಿಸಿಲು, ಉಳಿಯೋದು ಹೇಗೆ? ಜಜ್ಜಿದ ಬುಷ್ ಮೇಲೆ ಎತ್ತರ ಹೊಂದಿಸಿದ್ರೆ ಅದು ಮತ್ತೆ ಕೂರುತ್ತೆ. ಎರಡೂ ಕಡೆ ಹೊಸ ಬುಷ್ ಹಾಕೋದು ಅಂತ ಆಯ್ತು.

ಇದರಲ್ಲಿ ಅಪಾಯ ಇದೆ. ಶಾಕ್ ಬಿಚ್ಚಿ, ತೋಳು ಬಿಡಿಸಿದ ಮೇಲೂ ಹಿಂದಿನ ಸ್ಪ್ರಿಂಗ್ ಪ್ಲೇಟು ಒಂದು ಅಡ್ಡಗಟ್ಟಿಗೆ ಒತ್ತಿಕೊಂಡು ತಿರುಚಿದ ಬಲದಲ್ಲೇ ಕೂತಿರುತ್ತೆ. ಅಡ್ಡಗಟ್ಟಿನಿಂದ ಹೊರಗೆ ಎಳೆದ ಕ್ಷಣ ಕೆಳಕ್ಕೆ ಬಡಿಯುತ್ತೆ. ಅಲ್ಲಿ ಕೈ ಇದ್ರೆ ಮೂಳೆ ಉಳಿಯಲ್ಲ. ಪ್ಲೇಟಿನ ಕೆಳಗೆ ಜಾಕ್ ಕೊಟ್ಟು ಭಾರ ಅದರ ಮೇಲೆ ತೆಗೆದುಕೊಂಡು, ಹೊರಗೆ ಎಳೆದು, ಜಾಕ್ ನಿಧಾನ ಇಳಿಸಬೇಕು. ಹುಡುಗನಿಗೆ ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಗೆರೆ ಎಳೆದು ಕೊಟ್ಟೆ. "ಪ್ಲೇಟ್ ಬೀಳೋ ದಾರಿ ಇದು. ನಾನು ಹೇಳೋವರೆಗೂ ಗೆರೆ ದಾಟಬೇಡ." ದಾಟಲಿಲ್ಲ. ಅವನ ಅಮ್ಮ ಊರಿನಲ್ಲಿ ಮಗ ಕಾರಿನ ಕಂಪನಿಯಲ್ಲಿ ಕೆಲಸ ಮಾಡ್ತಾನೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡ್ತಿದ್ದಾರಂತೆ. ಹತ್ತು ಬೆರಳೂ ಸರಿಯಾಗಿ ವಾಪಸ್ ಕಳಿಸೋದು ನಮ್ಮ ಕೆಲಸದ ಲೆಕ್ಕದಲ್ಲೇ ಸೇರಬೇಕು.

ಬಿಚ್ಚೋ ಮೊದಲು ಬಾರಿನ ತುದಿ, ಪ್ಲೇಟು ಎರಡಕ್ಕೂ ಬಿಳಿ ಪೇಂಟಿನ ಗುರುತು ಹಾಕಿದ್ವಿ. ಎಡದ ಬಾರ್ ಬಲಕ್ಕೆ, ಬಲದ್ದು ಎಡಕ್ಕೆ ಯಾವ ಕಾರಣಕ್ಕೂ ಹೋಗಬಾರದು. ತಯಾರಿಸುವಾಗಲೇ ಒಂದೊಂದನ್ನ ಒಂದೊಂದು ದಿಕ್ಕಿಗೆ ತಿರುಚಿ ಹದ ಮಾಡಿರ್ತಾರೆ. ತುದಿಯಲ್ಲಿ ಎಡ ಬಲದ ಗುರುತಿನ ಅಕ್ಷರ ಇರುತ್ತೆ. ಹೊರಗೆ ಬಂದ ಬಾರನ್ನ ಬಟ್ಟೆಯ ಮೇಲೆ ಮಲಗಿಸಿ ಉದ್ದಕ್ಕೂ ನೋಡಿದ್ವಿ. ಒಂದು ಗೀಚು, ಒಂದು ತುಕ್ಕಿನ ಚುಕ್ಕೆ ಸಾಕು, ತಿರುಚಿ ತಿರುಚಿ ಅಲ್ಲೇ ಬಿರುಕು ಶುರುವಾಗುತ್ತೆ. ಅದೃಷ್ಟಕ್ಕೆ ಎರಡೂ ಚೊಕ್ಕ ಇದ್ವು. ಹೊಸ ಬಾರಿನ ಖರ್ಚು ಉಳಿಯಿತು.

ವಾಪಸ್ ಜೋಡಿಸೋದರಲ್ಲಿ ಒಂದು ಚಂದದ ಲೆಕ್ಕ ಇದೆ. ಬಾರಿನ ಒಳತುದಿಗೆ 40 ಹಲ್ಲು, ಹೊರತುದಿಗೆ 44. ಒಳಗೆ ಒಂದು ಹಲ್ಲು ಸರಿಸಿದ್ರೆ 360ನ್ನ 40ರಿಂದ ಭಾಗಿಸಿದಷ್ಟು, ಅಂದ್ರೆ 9 ಡಿಗ್ರಿ. ಹೊರಗೆ ಒಂದು ಹಲ್ಲು ಅಂದ್ರೆ 8.18 ಡಿಗ್ರಿ. ಒಳಗೆ ಒಂದು ಹಲ್ಲು ಮುಂದಕ್ಕೆ, ಹೊರಗೆ ಒಂದು ಹಲ್ಲು ಹಿಂದಕ್ಕೆ ಸರಿಸಿದ್ರೆ ಉಳಿಯೋದು 0.82 ಡಿಗ್ರಿ, ಚಕ್ರದ ಹತ್ತಿರ ಕೆಲವೇ ಮಿಲಿಮೀಟರ್. ಐಟಿಐ ಮಾಡಿದವರಿಗೆ ವರ್ನಿಯರ್ ನೆನಪಿದ್ದರೆ ಇದೂ ಅದೇ ಉಪಾಯ. ಎರಡು ದಪ್ಪ ಹೆಜ್ಜೆಗಳ ನಡುವಿನ ವ್ಯತ್ಯಾಸದಿಂದ ಒಂದು ಸಣ್ಣ ಹೆಜ್ಜೆ. ಹುಡುಗ ಮೊಬೈಲ್‌ನಲ್ಲಿ ಭಾಗಿಸಿ ನೋಡಿ, "ಇದನ್ನ ಯೋಚನೆ ಮಾಡಿದಾಂವ ಶ್ಯಾಣ್ಯಾ ಬಿಡ್ರಿ" ಅಂದ. ಬಾಡಿಯ ಕೆಳಅಂಚಿಗೆ ಹೋಲಿಸಿ ಎರಡೂ ಪ್ಲೇಟಿನ ಕೋನ ಒಂದೇ ಬರೋ ಹಾಗೆ ಕೂರಿಸಿದೆವು. ಉಳಿದ ಕೂದಲೆಳೆಯನ್ನ ಎಕ್ಸೆಂಟ್ರಿಕ್ಕಿಗೆ ಬಿಟ್ಟೆವು.

ಭಾನುವಾರ ಮಧ್ಯಾಹ್ನ ಮತ್ತೆ ತೂಕದ ಪ್ಲೇಟ್ ಮೇಲೆ ಹತ್ತಿಸಿದಾಗ ಮುಂದೆ ಎಡ 241, ಬಲ 243. ಹಿಂದೆ ಎಡ 364, ಬಲ 362. ಎತ್ತರದ ವ್ಯತ್ಯಾಸ ಹಿಂದೆ 2 ಮಿಲಿಮೀಟರ್, ಮುಂದೆಯೂ 2. ಆ್ಯಂಟಿ ರೋಲ್ ಬಾರಿನ ಲಿಂಕುಗಳನ್ನ ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಹಾಕಿದೆವು; ನೇತಾಡುವಾಗ ಬಲವಂತ ಮಾಡಿ ಹಾಕಿದ್ರೆ ಅದೇ ಮತ್ತೆ ವಾಲಿಸುತ್ತೆ. ಎತ್ತರ ಬದಲಾದ್ರೆ ಚಕ್ರದ ಕೋನಗಳೂ ಬದಲಾಗ್ತವೆ. ಹಾಗಾಗಿ ಕೊನೆಗೆ ಅಲೈನ್‌ಮೆಂಟ್. ಮೊದಲೇ ಅಲೈನ್‌ಮೆಂಟ್ ಮಾಡಿಸಿ ಆಮೇಲೆ ಎತ್ತರ ಮುಟ್ಟಿದ್ರೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

ಎರಡು ವಾರ ಬಿಟ್ಟು ಯಜಮಾನರು ಖರ್ಜೂರದ ಡಬ್ಬಿ ಹಿಡ್ಕೊಂಡು ಬಂದ್ರು. ಬೆಟ್ಟ ಹತ್ತಿ ಇಳಿದು ಬಂದಿದ್ರು. ಟೈರು ಒಮ್ಮೆಯೂ ಹಿಡ್ಕೊಳ್ಳಲಿಲ್ಲವಂತೆ. ಗಾಡಿ ಮಾರೋ ಮಾತು ಬಿಟ್ಟು, ಇನ್ನು ಮಗನಿಗೂ ಓಡಿಸೋಕೆ ಕೊಡ್ತೀನಿ ಅಂದ್ರು. ಮುದೀರ್ ಡಬ್ಬಿ ತೆಗೆದು ಮೊದಲು ಹುಡುಗನಿಗೆ ಚಾಚಿದ್ರು.

ಈಗ ನಿಮ್ಮ ಗಾಡಿಯ ವಿಷಯ. ನಮ್ಮಲ್ಲಿ ನಾಲ್ಕೈದು ಜನ ಸೇರಿ ಹಳೆ ಗಾಡಿ ಕೊಳ್ಳೋದು ಸಾಮಾನ್ಯ. ಕೊಳ್ಳೋ ಮೊದಲು ಮಟ್ಟವಾದ ಜಾಗದಲ್ಲಿ ನಿಲ್ಲಿಸಿ ನಾಲ್ಕು ಮೂಲೆಯನ್ನೂ ಟೇಪಿನಲ್ಲಿ ಅಳೆಯಿರಿ. ಮುಂದಿನ ವಾಲು, ಹಿಂದಿನ ವಾಲು ಸಮ ಇದ್ದರೆ ಸ್ಪ್ರಿಂಗಿನ ಕಡೆ ನೋಡಿ. ಮುಂದೆ ಸಮ, ಹಿಂದೆ ಮಾತ್ರ ಓರೆ ಅಂತ ಬಂದ್ರೆ ಮೊದಲು ನೆಲ ಪರೀಕ್ಷಿಸಿ, ಗಾಡಿಯನ್ನ ತಿರುಗಿಸಿ ನಿಲ್ಲಿಸಿ ಮತ್ತೆ ಅಳೆಯಿರಿ. ಆಗಲೂ ಅದೇ ಬಂದ್ರೆ ಬಾಡಿಗೆ ಏಟು ಬಿದ್ದಿರಬಹುದು, ಬೆಲೆ ಮಾತಾಡೋ ಮೊದಲು ಲಿಫ್ಟ್ ಮೇಲೆ ಹಾಕಿಸಿ ನೋಡಿ. ಸುರುಳಿ ಸ್ಪ್ರಿಂಗ್ ಇರೋ ಗಾಡಿಯಲ್ಲಿ ಸ್ಪ್ರಿಂಗಿನ ಕಟ್ಟಕಡೆಯ ಸುತ್ತು ತುಂಡಾಗಿದೆಯಾ ನೋಡಿ. ಎಷ್ಟೋ ಸಲ ಮುರಿಯೋದು ಅಲ್ಲೇ, ಅದು ಬಟ್ಟಲಿನೊಳಗೆ ಅಡಗಿರೋದ್ರಿಂದ ಕಾಣಲ್ಲ. ಪಿಕಪ್ ಗಾಡಿಯಾದ್ರೆ ಕಮಾನು ಪಟ್ಟಿಯ ನಡುಬೋಲ್ಟು, ತುದಿಯ ಬುಷ್ ನೋಡಿ. ಸ್ಪ್ರಿಂಗ್ ಬದಲಿಸೋದಾದ್ರೆ ಜೋಡಿಯಾಗಿ ಬದಲಿಸಿ. ತಗ್ಗಿದ ಕಡೆ ರಬ್ಬರ್ ತುಂಡು ತುರುಕಿ ಸಮ ಮಾಡಿಕೊಡ್ತೀನಿ ಅನ್ನೋರ ಹತ್ತಿರ ಹೋಗಬೇಡಿ.

ಗ್ಯಾರೇಜಿನಲ್ಲಿ ಯಾರಾದರೂ "ಆ ಕಡೆ ಸ್ಪ್ರಿಂಗ್ ಹೋಗಿದೆ" ಅಂದ್ರೆ, ಜಗಳ ಬೇಡ. "ಎಷ್ಟು ಮಿಲಿಮೀಟರ್, ಮುಂದೆ ಎಷ್ಟು, ಹಿಂದೆ ಎಷ್ಟು?" ಅಂತ ಮಾತ್ರ ಕೇಳಿ. ಉತ್ತರ ಇದ್ದವರ ಕೈಗೆ ಗಾಡಿ ಕೊಡಿ.